ಅಟ್ಟದ ಮೇಲಿನ ಚರಿತ್ರೆ



ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ರಾಜರು, ಯುದ್ಧಗಳು, ಕೋಟೆಗಳು ಮತ್ತು ಇಸವಿಗಳು. ಪರೀಕ್ಷೆಗೆ ಅಷ್ಟು ಸಾಕಾಗಬಹುದು. ಆದರೆ ನಿಮ್ಮ ದಾದಿ ಯಾವ ಪಾತ್ರೆಯಲ್ಲಿ ಅಡುಗೆ ಮಾಡುತ್ತಿದ್ದರು, ಅವರ ತಂದೆ ಯಾವ ಮುಸ್‌ಹಫ್ ನೋಡಿ ಪಾರಾಯಣ ಮಾಡುತ್ತಿದ್ದರು ಎಂಬುದು ಯಾವ ಪಠ್ಯಪುಸ್ತಕದಲ್ಲೂ ಸಿಗುವುದಿಲ್ಲ. ಅದಕ್ಕೆ ಸಾಕ್ಷಿ ಹೇಳುವ ವಸ್ತುಗಳು ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ, ಮೊಹಲ್ಲಾದ ಮಸೀದಿಯ ಬೀರುವಿನಲ್ಲಿ ಇವೆ.

ನಮ್ಮ ಪಶ್ಚಿಮ ಬೆಂಗಳೂರಿನ ಬಡಾವಣೆಗಳಿಗೆ ಹೆಚ್ಚು ವಯಸ್ಸಾಗಿಲ್ಲ. ರಾಜಾಜಿನಗರಕ್ಕೆ ಅಡಿಪಾಯ ಬಿದ್ದದ್ದು 1949ರಲ್ಲಿ. ವಿಜಯನಗರ, ಬಸವೇಶ್ವರನಗರಗಳು ಆನಂತರ ಬೆಳೆದವು. ಹಳೆಯ ಪೇಟೆಯಿಂದಲೋ ಬೇರೆ ಜಿಲ್ಲೆಗಳಿಂದಲೋ ಬಂದು ಇಲ್ಲಿ ನೆಲೆಸಿದ ಕುಟುಂಬಗಳು ತಮ್ಮೊಂದಿಗೆ ಹಿರಿಯರ ಒಂದಿಷ್ಟು ಸಾಮಾನನ್ನೂ ತಂದವು. ಈಗ ಆ ಮೊದಲ ಮನೆಗಳನ್ನು ಕೆಡವಿ ಮೂರು ನಾಲ್ಕು ಅಂತಸ್ತು ಕಟ್ಟುವ ಕಾಲ. ಮನೆ ಖಾಲಿ ಮಾಡುವ ದಿನ ಬಾಗಿಲಿಗೆ ಮೊದಲು ಬರುವವನು ಗುಜರಿಯವನು. ತಾಮ್ರವಾದರೂ ಕಾಗದವಾದರೂ ಅವನಿಗೆ ಕಿಲೋ ಲೆಕ್ಕವೇ.

ಕೆಂಗೇರಿಯಾಚೆಗಿನ ಒಂದು ಪಾಠ

ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಮುಂದೆ ಸಾಗಿ ರಾಮನಗರ ದಾಟಿದರೆ ಜಾನಪದ ಲೋಕ ಸಿಗುತ್ತದೆ. ನಿಮ್ಮಲ್ಲಿ ಹಲವರು ಶಾಲಾ ಪ್ರವಾಸದಲ್ಲಿ ನೋಡಿರಬಹುದು. ಐ.ಎ.ಎಸ್. ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು (1915-2005) 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. 1994ರಲ್ಲಿ ಸುಮಾರು 15 ಎಕರೆ ಜಾಗದಲ್ಲಿ ಜಾನಪದ ಲೋಕ ಆರಂಭವಾಯಿತು. ಅಲ್ಲಿನ ಲೋಕಮಾತಾ ಮಂದಿರದಲ್ಲಿ ಬೀಸುವ ಕಲ್ಲು, ಒರಳು, ಅಳತೆಯ ಸೇರು, ಅಡುಗೆಮನೆಯ ಪಾತ್ರೆಗಳನ್ನು ಜೋಡಿಸಿಟ್ಟಿದ್ದಾರೆ. ಚಿನ್ನ ಬೆಳ್ಳಿಯ ವಸ್ತುವಿಗಷ್ಟೇ ಬೆಲೆ ಎಂದುಕೊಂಡವರಿಗೆ ಅಲ್ಲೊಂದು ಪಾಠವಿದೆ. ಹಳ್ಳಿಯವರು ಕೆಲಸಕ್ಕೆ ಬಾರದೆಂದು ಮೂಲೆಗೆ ಸೇರಿಸಿದ್ದನ್ನೇ ಸಂಗ್ರಹಿಸಿ, ಹೆಸರು ಬರೆದು, ಸಾಲಾಗಿಟ್ಟಾಗ ಒಂದು ನಾಡಿನ ಬದುಕು ಕಣ್ಣಿಗೆ ಕಾಣುತ್ತದೆ. ಮಸೀದಿ, ಮದರಸ ಮತ್ತು ಮನೆಗಳಲ್ಲಿರುವ ನಮ್ಮ ವಸ್ತುಗಳಿಗೂ ಇಂಥದೊಂದು ಮೂಲೆ ಬೇಡವೇ?

ಹೆಸರು ಕಳೆದುಕೊಂಡ ವಸ್ತು

ವಸ್ತು ಉಳಿದರೂ ಅದರ ಗುರುತು ಅಳಿದರೆ ಏನಾಗುತ್ತದೆ ಎಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ನಗರ ಅಥವಾ ಬಿದನೂರು ಒಳ್ಳೆಯ ಉದಾಹರಣೆ. 2002ರಲ್ಲಿ ಅಲ್ಲಿ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕವು. ಅವನ್ನು ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಸೇರಿಸಲಾಯಿತು. ಅವು ಟಿಪ್ಪು ಸುಲ್ತಾನ್ ಕಾಲದ ಯುದ್ಧ ರಾಕೆಟ್‌ಗಳೆಂದು ತಿಳಿದದ್ದು 2013ರಲ್ಲಿ. ಆನಂತರ 2018ರಲ್ಲಿ ಪುರಾತತ್ವ ಇಲಾಖೆಯವರು ಅಲ್ಲಿನ ಹಾಳುಬಾವಿಯನ್ನು ಅಗೆಸಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ದೊರೆತವು. ಜಗತ್ತಿನ ಯುದ್ಧವಿಜ್ಞಾನದಲ್ಲಿ ಹೆಸರಾದ ಮೈಸೂರು ರಾಕೆಟ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ತನ್ನ ನಾಡಿನಲ್ಲೇ ಗುರುತಿಲ್ಲದೆ ಕುಳಿತಿತ್ತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಟಿಪ್ಪುವಿನ ಗ್ರಂಥಾಲಯದ ಸುಮಾರು 2000 ಸಂಪುಟಗಳು ಕಂಪೆನಿಯ ವಶವಾದವು. ಚಾರ್ಲ್ಸ್ ಸ್ಟೂವರ್ಟ್ ಎಂಬಾತ ಅವುಗಳ ವಿವರವಾದ ಪಟ್ಟಿಯನ್ನು 1809ರಲ್ಲಿ ಪ್ರಕಟಿಸಿದ. ವಿಜಯಪುರದ ಅಸರ್ ಮಹಲಿನಲ್ಲಿ ಉಳಿದಿದ್ದ ಅರಬ್ಬಿ, ಪಾರಸಿ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು. ನಮ್ಮ ನಾಡಿನ ಸಂಪತ್ತು ಹೀಗೆ ಕೈಬಿಟ್ಟು ಹೋದದ್ದು ನೋವಿನ ಸಂಗತಿ. ಆದರೆ ಇನ್ನೊಂದು ಮಾತನ್ನೂ ಒಪ್ಪಬೇಕು. ಕಡಲು ದಾಟಿದ ಪುಸ್ತಕಕ್ಕೆ ಅಲ್ಲಿ ಒಂದು ಸಂಖ್ಯೆ ಇದೆ, ಒಂದು ವಿವರಣೆ ಇದೆ. ಇಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಹುಡುಕಿ ಓದಬಹುದು. ನಮ್ಮ ಮನೆಯಲ್ಲೇ ಉಳಿದ ಪುಸ್ತಕಕ್ಕೆ ಪಟ್ಟಿಯೂ ಇಲ್ಲ, ಸಂಖ್ಯೆಯೂ ಇಲ್ಲ. ಅದು ಕಳೆದುಹೋದರೆ ಕಳೆದುಹೋಯಿತೆಂದು ತಿಳಿಯುವವರೂ ಇಲ್ಲ.

ಗೌರವದ ಹೆಸರಿನಲ್ಲಿ ಆಗುವ ನಷ್ಟ

ಇಲ್ಲೊಂದು ಸೂಕ್ಷ್ಮ ವಿಷಯವನ್ನು ಹೇಳಬೇಕು. ಪವಿತ್ರ ಕುರ್‌ಆನ್‌ನ ಜೀರ್ಣವಾದ ಪುಟಗಳು ಕಾಲಡಿ ಬೀಳಬಾರದೆಂದು ಅವನ್ನು ಶುದ್ಧವಾದ ಸ್ಥಳದಲ್ಲಿ ಹೂಳುವ, ಇಲ್ಲವೇ ಹರಿಯುವ ನೀರಿಗೆ ಬಿಡುವ ರೂಢಿ ನಮ್ಮಲ್ಲಿದೆ. ಅಚ್ಚಾದ ಪ್ರತಿಗಳಿಗೆ ಇದು ಸರಿಯಾದ ಗೌರವವೇ. ಆದರೆ ಕೈಬರಹದ ಪ್ರತಿಯನ್ನೂ ನೋಡದೆ ಹೂಳಿದರೆ, ಅದರೊಂದಿಗೆ ಬರೆದವನ ಹೆಸರು, ಊರು, ಹಿಜರಿ ವರ್ಷ ಎಲ್ಲವೂ ಮಣ್ಣುಪಾಲಾಗುತ್ತವೆ.

1972ರಲ್ಲಿ ಯೆಮನ್ ದೇಶದ ಸನಾ ನಗರದ ದೊಡ್ಡ ಮಸೀದಿಯನ್ನು ದುರಸ್ತಿ ಮಾಡುವಾಗ ಮಾಡಿನ ಕೆಳಗೆ ಹಳೆಯ ಚರ್ಮದ ಹಾಳೆಗಳ ರಾಶಿ ಸಿಕ್ಕಿತು. ಹಿಂದಿನವರು ಜೀರ್ಣವಾದ ಪ್ರತಿಗಳನ್ನು ಗೌರವದಿಂದ ಅಲ್ಲಿಟ್ಟಿದ್ದರು. ಕೆಲಸಗಾರರು ಅವನ್ನು ಚೀಲಗಳಿಗೆ ತುಂಬಿದರು. ದೇಶದ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿದ್ದ ಖಾಜಿ ಇಸ್ಮಾಯೀಲ್ ಅಲ್ ಅಕ್ವಾ ಅವುಗಳ ಮಹತ್ವವನ್ನು ಗುರುತಿಸಿದರು. ಹಿಜರಿ ಮೊದಲ ಶತಮಾನದ ಕುರ್‌ಆನ್ ಹಾಳೆಗಳೂ ಅದರಲ್ಲಿದ್ದವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಎರಡು ಹಾಳೆಗಳನ್ನು ಬೇರೊಂದು ಪ್ರತಿಯ ಹಾಳೆಗಳೊಂದಿಗೆ ಸೇರಿಸಿ ಹೊಲಿದಿದ್ದರು. ಆ ಚರ್ಮವು ಕ್ರಿ.ಶ. 568 ಮತ್ತು 645ರ ನಡುವಿನದೆಂದು ಪರೀಕ್ಷೆಯಿಂದ ತಿಳಿದದ್ದು 2015ರಲ್ಲಿ.

ನಮ್ಮ ಮನೆಯ ಪ್ರತಿ ಅಷ್ಟು ಹಳೆಯದಾಗಿರಲಾರದು. ಆದರೂ ಹೂಳುವ ಮೊದಲು ಕೊನೆಯ ಪುಟವನ್ನೊಮ್ಮೆ ನೋಡಿ. ಕಾತಿಬ್ ತನ್ನ ಹೆಸರು ಮತ್ತು ವರ್ಷವನ್ನು ಬರೆಯುವುದು ಸಾಮಾನ್ಯವಾಗಿ ಅಲ್ಲಿಯೇ. ವರ್ಷ 1300 ಎಂದಿದ್ದರೆ ಅದು 1882ರ ನವೆಂಬರ್‌ನಲ್ಲಿ ಆರಂಭವಾದ ಹಿಜರಿ ವರ್ಷ. ಮೊದಲ ಖಾಲಿ ಹಾಳೆಯಲ್ಲಿ ಮನೆಯ ಮಕ್ಕಳ ಜನನದ ದಿನಗಳೂ ಇರಬಹುದು. ಆಲಿಮರಿಗೂ ಹಸ್ತಪ್ರತಿ ಬಲ್ಲವರಿಗೂ ತೋರಿಸಿದ ಮೇಲೆಯೇ ನಿರ್ಧರಿಸಿ.

ಪಾತ್ರೆ ಹೇಳುವ ಕಥೆ

ದಿನಬಳಕೆಯ ವಸ್ತುಗಳೂ ಮಾತಾಡುತ್ತವೆ. ಕಲಾಯಿ ಹಾಕಿದ ತಾಮ್ರದ ದೇಗ್ಚಿ, ವುಝೂ ಮಾಡುವ ಲೋಟಾ, ಮರದ ರೆಹಲ್, ಪಾನ್‌ದಾನ್, ಸುರ್ಮೆದಾನಿ, ಮದುವೆಯಲ್ಲಿ ಪನ್ನೀರು ಚಿಮುಕಿಸುವ ಗುಲಾಬ್‌ದಾನಿ ಇವೆಲ್ಲ ಒಂದು ಬದುಕಿನ ಕ್ರಮವನ್ನು ತಿಳಿಸುತ್ತವೆ. ಬೀದರ್‌ನ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಪಡೆದು, ಬೆಳ್ಳಿಯ ಎಳೆ ಕೂರಿಸಿಕೊಂಡ ಬಿದ್ರಿಯ ಪಾನ್‌ದಾನ್ ಒಂದು ಮನೆಯಲ್ಲಿದ್ದರೆ, ಅದು ಇಲ್ಲಿಗೆ ಹೇಗೆ ಬಂತೆಂಬ ಪ್ರಶ್ನೆಯೇ ಆ ಕುಟುಂಬದ ಪ್ರಯಾಣದ ಚರಿತ್ರೆಗೆ ದಾರಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಸಮಯದಲ್ಲಿ ಹಿಂದೂ ಮುಸ್ಲಿಮರು ಸೇರಿ ಕೂರಿಸುವ ಲೋಹದ ಪಂಜಾಗಳು ನೆರೆಹೊರೆಯ ಬಾಳ್ವೆಗೆ ಸಾಕ್ಷಿ.

ನಿಮ್ಮ ಮನೆಯ ಹಳೆಯ ತಾಮ್ರ, ಹಿತ್ತಾಳೆ ಪಾತ್ರೆಗಳ ಕಂಠವನ್ನು ಬೆಳಕಿಗೆ ಹಿಡಿದು ನೋಡಿ. ಚುಕ್ಕೆ ಚುಕ್ಕೆಯಾಗಿ ಕೊರೆದ ಒಂದು ಹೆಸರು ಕಾಣಬಹುದು. ಅದು ಮದುವೆಯಾಗಿ ಬಂದ ಹೆಣ್ಣುಮಗಳದ್ದಾಗಿರಬಹುದು. ನಮ್ಮ ಎಷ್ಟೋ ಅಜ್ಜಿಯರ ಹೆಸರು ಯಾವ ಕಾಗದಪತ್ರದಲ್ಲೂ ಇಲ್ಲ, ಪಾತ್ರೆಯ ಮೇಲೆ ಮಾತ್ರ ಇದೆ. ಹುಣಸೆಹಣ್ಣು, ಬೂದಿ ಹಾಕಿ ಬಲವಾಗಿ ಉಜ್ಜಿದಷ್ಟೂ ಆ ಹೆಸರು ಸವೆಯುತ್ತದೆ. ಗುಜರಿಗೆ ಹಾಕಿದರೆ ಕರಗಿಯೇ ಹೋಗುತ್ತದೆ.

ನಾವೇನು ಮಾಡಬಹುದು?

ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ನಮ್ಮ ಸಂಘದ ವಾಚನಾಲಯದಲ್ಲಿ ಒಂದು ಗಾಜಿನ ಬೀರು ಮತ್ತು ಒಂದು ದಪ್ಪ ರಿಜಿಸ್ಟರ್ ಇದ್ದರೆ ಆರಂಭಕ್ಕೆ ಸಾಕು. ಈ ಕೆಲವು ಮಾತುಗಳನ್ನು ನೆನಪಿಡಿ.

1. ವಸ್ತುವಿನ ಫೋಟೋ ತೆಗೆಯಿರಿ. ಮನೆಮಾತಿನಲ್ಲಿ ಅದರ ಹೆಸರು, ಯಾರದು, ಯಾವ ಊರಿನಿಂದ ಬಂತು, ಹೇಗೆ ಬಳಸುತ್ತಿದ್ದರು ಎಂಬುದನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ. ವಸ್ತುವನ್ನು ಕೊಡಲು ಮನಸ್ಸಿಲ್ಲದವರು ಅದನ್ನು ಮನೆಯಲ್ಲೇ ಇಟ್ಟುಕೊಂಡು ವಿವರವನ್ನಷ್ಟೇ ಕೊಡಲಿ.

2. ಹಳೆಯ ಕಾಗದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಅಂಟಿದರೆ ಬಿಡಿಸುವುದು ಬಹಳ ಕಷ್ಟ. ಶುಭ್ರವಾದ ಹತ್ತಿಬಟ್ಟೆಯಲ್ಲಿ ಸುತ್ತಿ, ತೇವವಿಲ್ಲದ ಕಡೆ ಇಡಿ.

3. ಮಸೀದಿಯ ಹಳೆಯ ಗಡಿಯಾರ, ದೀಪ, ವಕ್ಫ್ ಪತ್ರ, ನಿಕಾಹ್ ರಿಜಿಸ್ಟರ್ ಇವು ಯಾರೊಬ್ಬರ ಸ್ವತ್ತೂ ಅಲ್ಲ. ಮುತವಲ್ಲಿಯವರ ಒಪ್ಪಿಗೆಯಿಂದ ಅಲ್ಲಿಯೇ ಪಟ್ಟಿ ಮಾಡಿ.

4. 1972ರ ಪ್ರಾಚ್ಯವಸ್ತು ಕಾನೂನಿನ ಪ್ರಕಾರ 100 ವರ್ಷ ದಾಟಿದ ವಸ್ತು ಪ್ರಾಚ್ಯವಸ್ತು. ಐತಿಹಾಸಿಕ ಮೌಲ್ಯವುಳ್ಳ ಹಸ್ತಪ್ರತಿಗೆ 75 ವರ್ಷವಾದರೆ ಸಾಕು. ಇವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ, ಪರವಾನಗಿಯಿಲ್ಲದೆ ಇವುಗಳ ವ್ಯಾಪಾರ ಮಾಡುವಂತಿಲ್ಲ. ಕೆಲವು ಬಗೆಯವನ್ನು ನೋಂದಾಯಿಸಬೇಕು. ಪುರಾತತ್ವ ಇಲಾಖೆಯನ್ನು ಕೇಳಿ ಮುಂದುವರಿಯಿರಿ.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಿ. ದಾದಿ ಅಥವಾ ನಾನಿಯ ಪಕ್ಕ ಕುಳಿತು ಅದರ ಬಗ್ಗೆ ಒಂದು ಪುಟ ಬರೆಯಿರಿ. ಪಾತ್ರೆ ಇನ್ನೂ ಐವತ್ತು ವರ್ಷ ಅಟ್ಟದ ಮೇಲೆ ಇರಬಲ್ಲದು. ಅದರ ಕಥೆ ಬಲ್ಲವರು ಅಷ್ಟು ಕಾಲ ನಮ್ಮೊಂದಿಗಿರುವುದಿಲ್ಲ. ಆದ್ದರಿಂದ ಮೊದಲು ಅವರ ಮಾತನ್ನು ಬರೆದುಕೊಳ್ಳಿ, ಬೀರು ಆಮೇಲೆ ತರೋಣ.