ಮಟ್ಟಿಯಿಂದ ಖಡಕ್‌ವಾಸ್ಲಾಕ್ಕೆ

ಮಲೆನಾಡಿನ ನರಸಿಂಹರಾಜಪುರದ ಹಳೆಯ ಹೆಸರು ಎಡೇಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಗೌರವಾರ್ಥ ಊರಿಗೆ ಈಗಿನ ಹೆಸರು ಬಂತು. ಕಂಠೀರವ ಎಂಬ ಹೆಸರು ಹೊತ್ತ ಪೂರ್ವಜನೊಬ್ಬ ಯುವರಾಜರ ಮನೆತನದಲ್ಲಿದ್ದ: 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ. ಅವನು ಮಾರುವೇಷದಲ್ಲಿ ತಿರುಚಿರಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಮಣಿಸಿದ ಕಥೆ ನಾಡಿನ ಬಾಯಲ್ಲಿ ಉಳಿದಿದೆ. 1960ರಲ್ಲಿ ರಾಜ್‌ಕುಮಾರ್ ಆ ಪಾತ್ರವನ್ನು ತೆರೆಯ ಮೇಲೆ ತಂದರು.

ಮೈ ಹುರಿಗೊಳಿಸುವ ವಿದ್ಯೆ ಅವನ ಕಾಲಕ್ಕೇ ಹಳೆಯದಾಗಿತ್ತು. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗೆಂದೇ ಒಂದು ಭಾಗವಿದೆ. ಮರಳುಚೀಲ ಎತ್ತುವುದು ಭಾರಶ್ರಮ, ನಡಿಗೆ ಭ್ರಮಣಶ್ರಮ, ನೀರಿಗಿಳಿದು ತೋಳು ಪಳಗಿಸುವುದು ಸಲಿಲಶ್ರಮ, ಕಂಬ ಹತ್ತುವುದು ಸ್ತಂಭಶ್ರಮ. ಮಲ್ಲರನ್ನು ವಯಸ್ಸಿನ ಪ್ರಕಾರ ವಿಂಗಡಿಸುವ ಕ್ರಮವೂ ಅಲ್ಲಿತ್ತು. ಗರಡಿಮನೆಯ ಕೆಮ್ಮಣ್ಣಿನ ಮಟ್ಟಿ, ದಂಡ, ಬಸ್ಕಿ, ಗದೆ, ಸಂಗ್ರಾಣಿ ಕಲ್ಲುಗಳ ತಾಲೀಮು ಇದೇ ಪರಂಪರೆಯ ಮುಂದುವರಿಕೆ.

ಅದೇ ಮಲೆನಾಡಿನ ಕೊಪ್ಪ, ಶೃಂಗೇರಿಯ ಕಡೆ ಗರಡಿಗೆ ಹೋಗದಿದ್ದರೂ ಮೈಗೆ ತಾಲೀಮು ತಪ್ಪುತ್ತಿರಲಿಲ್ಲ. ಗುಡ್ಡ ಹತ್ತಿ ಇಳಿಯದೆ ಇಲ್ಲಿ ದಿನ ಸಾಗದು. ಪಾದಗಳಿಗೆ ಹಗ್ಗದ ಕುಣಿಕೆ ಸಿಕ್ಕಿಸಿ ಅಡಿಕೆ ಮರವೇರುವ ಕೊನೆಗೌಡ ಒಂದು ಮರದಿಂದ ಮತ್ತೊಂದಕ್ಕೆ ಜೀಕಿ ದಾಟುತ್ತಿದ್ದ. ಆ ಕೆಲಸಕ್ಕೆ ಬೇಕಾದ ಹಿಡಿತ, ಉಸಿರು, ಧೈರ್ಯ ಮೂರೂ ಸೇನೆಗೆ ಬೇಕಾದವೇ. ಈಗ ನೆಲದಲ್ಲೇ ನಿಂತು ಫೈಬರ್ ದೋಟಿಯಿಂದ ಅಡಿಕೆ ಗೊನೆ ಇಳಿಸುವುದು ಹೆಚ್ಚಾಗಿದೆ. ಜೀವ ಉಳಿಸುವ ಒಳ್ಳೆಯ ಬದಲಾವಣೆ ಅದು. ಆದರೆ ದುಡಿಮೆಯಲ್ಲೇ ಸಿಗುತ್ತಿದ್ದ ಕಸುವನ್ನು ಇನ್ನು ಬೇರೆಯಾಗಿ ಗಳಿಸಬೇಕಾಗಿದೆ.

ಗರಡಿಯ ತಾಲೀಮನ್ನು ಹೊಸ ಕಾಲಕ್ಕೆ ಒಗ್ಗಿಸಿದವರಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ಮುಖ್ಯರು. ‘ಶಾಂತಲಾ’ ಕಾದಂಬರಿಯ ಈ ಲೇಖಕರು ತಮ್ಮ ವ್ಯಾಯಾಮಶಾಲೆಯಲ್ಲಿ ದೇಸಿ ಕಸರತ್ತಿಗೆ ಪಾಶ್ಚಾತ್ಯ ಭಾರ ಎತ್ತುವಿಕೆಯನ್ನೂ ಆಸನಗಳನ್ನೂ ಬೆಸೆದರು.

ಸ್ವಾತಂತ್ರ್ಯದ ನಂತರ ಈ ತಾಲೀಮಿಗೆ ಸೇನಾಧಿಕಾರಿಯಾಗುವ ಹೊಸ ಗುರಿ ಸಿಕ್ಕಿತು. 1949ರಲ್ಲಿ ಡೆಹ್ರಾಡೂನಿನಲ್ಲಿ ಮೂರೂ ಪಡೆಗಳ ಕೆಡೆಟ್‌ಗಳಿಗೆ ಒಟ್ಟಿಗೆ ತರಬೇತಿ ಶುರುವಾಯಿತು. 1955ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ನೆಲೆಯೂರಿತು. ಅಲ್ಲಿಗೆ ಮಕ್ಕಳನ್ನು ಸಜ್ಜುಗೊಳಿಸಲು ಕರ್ನಾಟಕದಲ್ಲಿ ಸೈನಿಕ ಶಾಲೆಗಳು ತೆರೆದವು: 1963ರಲ್ಲಿ ವಿಜಯಪುರದಲ್ಲಿ, 2007ರಲ್ಲಿ ಕೊಡಗಿನ ಕೂಡಿಗೆಯಲ್ಲಿ.

ಅಕಾಡೆಮಿ ಪ್ರವೇಶದ ಲಿಖಿತ ಪರೀಕ್ಷೆ ಗೆದ್ದವರನ್ನು ಸೇವಾ ಆಯ್ಕೆ ಮಂಡಳಿ ಐದು ದಿನ ಒರೆಗೆ ಹಚ್ಚುತ್ತದೆ. ಅಡೆತಡೆ ದಾಟಿಸುತ್ತದೆ, ಗುಂಪಿನಲ್ಲಿ ಭಾರ ಸಾಗಿಸಲು ಹೇಳುತ್ತದೆ, ಒಬ್ಬನಿಗೆ ಮುಂದಾಳತ್ವ ಕೊಟ್ಟು ನೋಡುತ್ತದೆ. ಅಕಾಡೆಮಿಗೆ ಕಾಲಿಡುವ ಮೊದಲೇ ಮೈಗೂಡಿರಬೇಕಾದ ಮಟ್ಟವನ್ನು ಪರೀಕ್ಷೆಯ ಪ್ರಕಟಣೆಯೇ ತಿಳಿಸುತ್ತದೆ: 15 ನಿಮಿಷದಲ್ಲಿ 2.4 ಕಿ.ಮೀ. ಓಟ, ಪುಷ್ಅಪ್ ಮತ್ತು ಸಿಟ್ಅಪ್ ಕನಿಷ್ಠ 20ರಂತೆ, ಚಿನ್ಅಪ್ 8, ಮೂರರಿಂದ ನಾಲ್ಕು ಮೀಟರ್ ಹಗ್ಗ ಹತ್ತುವಿಕೆ.

ಮಲೆನಾಡಿನ ಅಭ್ಯರ್ಥಿಗೆ ಮಳೆಯೂ ಒಂದು ಹೆಚ್ಚಿನ ಪರೀಕ್ಷೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರು, ರಸ್ತೆಯಂಚು ಪಾಚಿ. ಆಗ ಚಿನ್ಅಪ್, ಬಸ್ಕಿಗಳು ಸೂರಿನಡಿಗೆ ಸರಿಯುತ್ತವೆ. ಓಟ ಹೊಳವಾಗುವುದನ್ನು ಕಾಯುತ್ತದೆ. ಆ ಹೊಳವಿಗಾಗಿ ಈಗ ಹುಡುಗಿಯರೂ ಕಾಯಬಹುದು: ಅಕಾಡೆಮಿ 2022ರಲ್ಲಿ ಮೊದಲ ಬಾರಿಗೆ ಮಹಿಳಾ ಕೆಡೆಟ್‌ಗಳನ್ನು ಸೇರಿಸಿಕೊಂಡಿತು, 2025ರ ಮೇ ತಿಂಗಳಲ್ಲಿ ಅವರಲ್ಲಿ 17 ಮಂದಿ ತರಬೇತಿ ಮುಗಿಸಿ ಹೊರಬಂದರು.