ಮಾಡ್‌ಸ್ಲೆಯ ಲೇತ್: ಗುರುತೂ ಬೆಲೆಯೂ

ಹೆನ್ರಿ ಮಾಡ್‌ಸ್ಲೆಯು (1771-1831) ಸುಮಾರು 1800ರಲ್ಲಿ ನಿರ್ಮಿಸಿದ ಲೇತ್ ಒಂದು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿರುವುದು. ಲೋಹದ ಸರಳಿನ ಮೇಲೆ ತಿರುಪಿನ ಎಳೆಗಳನ್ನು ಕೊರೆಯುವ ಯಂತ್ರಗಳಲ್ಲಿ ಇದೇ ಮೊದಲನೆಯದೆಂದು ಬಹುಕಾಲ ಹೇಳಿಕೊಂಡು ಬಂದರು. ಆ ಮಾತು ವಿಚಾರಕ್ಕೆ ನಿಲ್ಲತಕ್ಕುದಲ್ಲ.

ಇಂಥ ಯಂತ್ರವನ್ನು ಗುರುತಿಸತಕ್ಕ ಲಕ್ಷಣಗಳು ಮೂರು: ಉಳಿಯನ್ನು ಬಿಗಿಹಿಡಿದು ಜಾರುವ ಪೀಠ, ಆ ಪೀಠವನ್ನು ನಡೆಸುವ ಉದ್ದನೆಯ ತಿರುಪು, ಎಳೆಗಳ ಅಂತರವನ್ನು ಮಾರ್ಪಡಿಸಲು ಬದಲಿಸಿ ಹಾಕುವ ಹಲ್ಲುಚಕ್ರಗಳು. ಮೊದಲನೆಯ ಲಕ್ಷಣವು ಸುಮಾರು 1751ರ ವೋಕಾನ್ಸನ್ನನ ಲೇತಿನಲ್ಲಿಯೇ ಉಂಟು. ಮಿಕ್ಕೆರಡು ಸೆನೋ ಎಂಬವನ 1795ರ ಯಂತ್ರದಲ್ಲಿವೆ. ಇವೆರಡೂ ಪ್ಯಾರಿಸಿನ ಕಲೆ-ಕಸುಬುಗಳ ಸಂಗ್ರಹಾಲಯಕ್ಕೆ ಸೇರಿದುವು.

ಹಾಗಾದರೆ ಮಾಡ್‌ಸ್ಲೆಯ ಕೃತಿಗೆ ಬೆಲೆಯೇನು? ಈ ಮೂರನ್ನೂ ಆತನು ಗಟ್ಟಿಯಾದ ಲೋಹದ ಚೌಕಟ್ಟಿನಲ್ಲಿ ನಿಖರವಾಗಿ ಕೂಡಿಸಿ, ಕಾರ್ಖಾನೆಯ ನಿತ್ಯೋಪಕರಣವನ್ನಾಗಿ ಮಾಡಿದನು. ಆತನಲ್ಲಿ ದುಡಿದು ಕಲಿತ ರಾಬರ್ಟ್ಸ್, ನಾಸ್ಮಿತ್, ವಿಟ್‌ವರ್ತ್ ಇವರು ಆ ಪದ್ಧತಿಯನ್ನು ಮ್ಯಾಂಚೆಸ್ಟರ್ ಪ್ರಾಂತಕ್ಕೆ ಒಯ್ದರು. 1841ರಲ್ಲಿ ವಿಟ್‌ವರ್ತನು ತಿರುಪಿನ ಎಳೆಗಳಿಗೆಲ್ಲ ಏಕರೂಪವಾದ ಪ್ರಮಾಣವನ್ನು ಸೂಚಿಸಿದನು.

ಓಲೆಯ ಪ್ರತಿಯೊಂದರ ಯೋಗ್ಯತೆಯನ್ನು ನಿರ್ಣಯಿಸುವಾಗ ಅದರ ಹಳಮೆಯ ಜೊತೆಗೆ ಅದರಿಂದ ಇಳಿದುಬಂದ ಪ್ರತಿಗಳನ್ನೂ ನಾವು ಗಣಿಸುವೆವಷ್ಟೆ. ಯಂತ್ರಕ್ಕೂ ಅದೇ ನ್ಯಾಯವು ಸಲ್ಲಬೇಕು. ಹಳಮೆಯಲ್ಲಿ ಸೆನೋವಿನ ಲೇತ್ ಮುಂದು, ಸಂತತಿಯಲ್ಲಿ ಮಾಡ್‌ಸ್ಲೆಯದು.