ಗುದನಾಳದ ಕ್ಯಾನ್ಸರ್‌ಗೆ ಕೀಹೋಲ್ ಆಪರೇಷನ್: ಸಹಿ ಹಾಕೋ ಮೊದಲು ತಿಳಿದಿರಬೇಕಾದದ್ದು

ಚಾಮರಾಜನಗರ: ಮಲದಲ್ಲಿ ರಕ್ತ ಕಂಡರೆ ಗುಂಡ್ಲುಪೇಟೆ, ಚಾಮರಾಜನಗರ ಕಡೆ ಮೊದಲು ಬರೋ ಮಾತು ‘ಪೈಲ್ಸ್ ಇರಬೇಕು ಬಿಡಿ’. ಹೆಚ್ಚಿನವರಿಗೆ ಅದು ಪೈಲ್ಸೇ. ಆದರೆ ಗುದನಾಳದ ಕ್ಯಾನ್ಸರ್ ಕೂಡ ಹೀಗೇ ಶುರುವಾಗುತ್ತದೆ. ನಾಟಿ ಔಷಧಿ, ಮುಲಾಮು ಅಂತ ಆರು ತಿಂಗಳು ಕಳೆದರೆ ಗಡ್ಡೆ ಬೆಳೆದಿರುತ್ತದೆ. ಡಾಕ್ಟರು ಕೈಗವಸು ಹಾಕಿ ಬೆರಳಿನಿಂದ ಪರೀಕ್ಷೆ ಮಾಡಿದರೆ ಕೆಳಭಾಗದ ಗಡ್ಡೆ ಎಷ್ಟೋ ಸಲ ಅಲ್ಲೇ ಸಿಗುತ್ತದೆ. ನಾಚಿಕೆಗೆ ಜನ ಇದನ್ನೇ ಬೇಡ ಅಂತಾರೆ.

ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂ.ಮೀ. ಭಾಗವೇ ಗುದನಾಳ. ಸೊಂಟದ ಮೂಳೆಗಳ ನಡುವೆ ಇಕ್ಕಟ್ಟಿನ ಜಾಗ. ಪಕ್ಕದಲ್ಲೇ ಮೂತ್ರಚೀಲ, ಲೈಂಗಿಕ ಶಕ್ತಿಗೆ ಸಂಬಂಧಿಸಿದ ನರಗಳು. ಗಡ್ಡೆ ಜೊತೆ ಸುತ್ತಲಿನ ಕೊಬ್ಬಿನ ಪದರವನ್ನೂ ಹರಿಯದಂತೆ ಇಡಿಯಾಗಿ ತೆಗೆಯಬೇಕು ಅಂತ ಇಂಗ್ಲೆಂಡಿನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ಬರೆದರು. ಹೊಟ್ಟೆ ಕೊಯ್ದರೂ ಕೀಹೋಲ್ ಆದರೂ ಒಳಗೆ ಮಾಡಬೇಕಾದ್ದು ಇದೇ ಕೆಲಸ.

ಕೀಹೋಲ್ ಅಂದರೆ ಲ್ಯಾಪ್ರೋಸ್ಕೋಪಿ. ಹೊಟ್ಟೆಗೆ ಗ್ಯಾಸ್ ತುಂಬಿಸಿ, ನಾಲ್ಕೈದು ಸಣ್ಣ ತೂತು ಮಾಡಿ, ಕ್ಯಾಮೆರಾ ಮತ್ತು ಉದ್ದನೆಯ ಉಪಕರಣ ಬಿಟ್ಟು, ಟಿವಿ ಪರದೆ ನೋಡಿಕೊಂಡು ಮಾಡುತ್ತಾರೆ. ರೋಬೋಟ್ ಅಂದರೂ ಆಪರೇಷನ್ ಮಾಡೋದು ಡಾಕ್ಟರೇ, ಯಂತ್ರ ತಾನಾಗಿ ಏನೂ ಕತ್ತರಿಸಲ್ಲ.

ಲಾಭ ಎಷ್ಟು? 8 ದೇಶಗಳ 30 ಆಸ್ಪತ್ರೆಗಳಲ್ಲಿ 1,044 ರೋಗಿಗಳ ಮೇಲೆ ನಡೆದ ಕಲರ್-2 ಅಧ್ಯಯನದಲ್ಲಿ ಮೂರು ವರ್ಷದೊಳಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿದ್ದು ಎರಡೂ ವಿಧಾನದಲ್ಲಿ ಶೇ 5. ಕೀಹೋಲ್‌ನಲ್ಲಿ ರಕ್ತ ಹೋಗಿದ್ದು ಕಡಿಮೆ, ಆಸ್ಪತ್ರೆ ವಾಸ ಒಂದು ದಿನ ಕಮ್ಮಿ. ಆಪರೇಷನ್ ಸಮಯ ಮಾತ್ರ ಜಾಸ್ತಿ. ನೂರರಲ್ಲಿ 17 ಜನಕ್ಕೆ ನಡುವೆಯೇ ಹೊಟ್ಟೆ ತೆರೆಯಬೇಕಾಯಿತು. ಈ ಫಲಿತಾಂಶ ಬಂದ 2015ರಲ್ಲೇ ಅಮೆರಿಕ ಮತ್ತು ಆಸ್ಟ್ರೇಲಿಯಾ–ನ್ಯೂಜಿಲೆಂಡ್‌ನ ಎರಡು ಅಧ್ಯಯನಗಳು, ಗಡ್ಡೆ ಪೂರ್ತಿ ಶುದ್ಧವಾಗಿ ತೆಗೆಯುವುದರಲ್ಲಿ ಕೀಹೋಲ್ ಸಮ ಅಂತ ಹೇಳಲಾಗದು ಎಂದವು. ಹಾಗಾಗಿ ‘ಲೇಸರ್ ತರ, ಎರಡೇ ದಿನದಲ್ಲಿ ಮನೆಗೆ’ ಅನ್ನೋ ಮಾತು ಯಾರೇ ಹೇಳಲಿ, ನಂಬಬೇಡಿ.

ಗಾಲ್‌ಬ್ಲಾಡರ್ ಕಲ್ಲಿಗೆ ಕೀಹೋಲ್ ಮಾಡುವವರೆಲ್ಲ ಗುದನಾಳಕ್ಕೆ ಮಾಡಲಾರರು. ಕೈ ಪಳಗೋಕೆ ಹತ್ತಾರು ಕೇಸ್ ಬೇಕು. ‘ಗುದನಾಳದ್ದು ವರ್ಷಕ್ಕೆ ಎಷ್ಟು ಮಾಡ್ತೀರಿ ಸಾರ್?’ ಅಂತ ಕೇಳೋದರಲ್ಲಿ ತಪ್ಪಿಲ್ಲ. ಎಂಆರ್‌ಐ ಆಗಿದೆಯಾ, ಮೊದಲು ರೇಡಿಯೇಷನ್ ಬೇಕಾ ಅಂತಲೂ ಕೇಳಿ. ಗಡ್ಡೆ ದೊಡ್ಡದಿದ್ದರೆ ಆಪರೇಷನ್‌ಗೆ ಮುಂಚೆ ರೇಡಿಯೇಷನ್ ಕೊಡುತ್ತಾರೆ, ಅದು ಐದು ದಿನವೂ ಇರಬಹುದು, ಐದು ವಾರವೂ ಇರಬಹುದು. ಮೈಸೂರಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಇರಬೇಕಾದರೆ ರೂಮು, ಊಟದ ಖರ್ಚನ್ನೂ ಲೆಕ್ಕ ಹಾಕಿಕೊಳ್ಳಿ.

ಹಲವರಿಗೆ ಹೊಟ್ಟೆ ಮೇಲೆ ಮಲದ ಚೀಲ ಇಡುತ್ತಾರೆ. ಕೆಲವು ತಿಂಗಳ ಬಳಿಕ ಮುಚ್ಚುವ ತಾತ್ಕಾಲಿಕ ಚೀಲವೋ ಶಾಶ್ವತವೋ ಅಂತ ಮೊದಲೇ ತಿಳಿದುಕೊಳ್ಳಿ. ಗಡ್ಡೆ ಗುದದ್ವಾರಕ್ಕೇ ತಾಗಿದ್ದರೆ ಕೀಹೋಲ್ ಮಾಡಿದರೂ ಶಾಶ್ವತ ಚೀಲ ತಪ್ಪದಿರಬಹುದು. ಅಂಗಡಿಯವರು ಕೆಲವು ವಾರ ಮೂಟೆ ಎತ್ತುವಂತಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂ. ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಗೆ ಹೋಗೋದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಹೊರಡುವ ಮುಂಚೆ ರೇಷನ್ ಕಾರ್ಡ್, ಆಧಾರ್ ಜೊತೆ ಅದನ್ನೂ ಇಟ್ಟುಕೊಳ್ಳಿ.